ಮೂವತ್ತಾರು ಸುತ್ತು

“ಹಾಗಾದ್ರೆ ನಾನು ತುಂಬಿಸಿದ ನೀರು ಎಲ್ಲಿ ಹೋಯ್ತು?”

ಅವನು ನಮ್ಮನ್ನು ಕೇಳಲಿಲ್ಲ. ಕಾಲೇಜಿನ ತಾರಸಿಯಲ್ಲಿ, ಬರಿದಾದ ಸಿಮೆಂಟ್ ಟ್ಯಾಂಕಿನೊಳಗೆ ತಲೆ ಹಾಕಿ ಕೇಳಿದ. ಟ್ಯಾಂಕು ಆ ಮಾತನ್ನು ಅವನಿಗೇ ಹಿಂದಿರುಗಿಸಿತು.

ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಇಪ್ಪತ್ತೆರಡು ವರ್ಷದಿಂದ ಲ್ಯಾಬ್ ಅಟೆಂಡರ್. ದಿನಾ ಬೆಳಿಗ್ಗೆ ಈ ಟ್ಯಾಂಕು ತುಂಬಿಸುವುದು ಅವನ ಪಾಲಿನ ಕೆಲಸ. ಅದಕ್ಕೇ ಹುಡುಗರು ಇಟ್ಟ ಹೆಸರು—ಟ್ಯಾಂಕಣ್ಣ.

ಮೂರು ದಿನದ ಹಿಂದೆ, ಮಧ್ಯಾಹ್ನ ಒಂದಕ್ಕೆ, ಮೆಕ್ಯಾನಿಕ್ಸ್ ಲ್ಯಾಬಿನ ಸ್ವಿಚ್ ಬೋರ್ಡಿಗೆ ಬೆಂಕಿ ಹತ್ತಿತ್ತು. ಈ ಟ್ಯಾಂಕಿನಿಂದಲೇ ನೀರು ಸಿಂಪಡಿಸಬೇಕಾದ ಚಾವಣಿಯ ಸ್ಪ್ರಿಂಕ್ಲರುಗಳು ಶಾಖಕ್ಕೆ ಬಾಯಿ ಬಿಟ್ಟವು. ಒಂದು ಹನಿ ಬೀಳಲಿಲ್ಲ. ಒಳಗೆ ಸಿಕ್ಕಿಕೊಂಡ ವಿದ್ಯಾರ್ಥಿನಿಯೊಬ್ಬಳನ್ನು ಟ್ಯಾಂಕಣ್ಣ ಎಳೆದು ತಂದ. ಅವಳು ಉಳಿದಳು. ಅವನ ಬೆರಳುಗಳು ಉಳಿಯುತ್ತವೋ ಇಲ್ಲವೋ, ಡಾಕ್ಟರು ಇನ್ನೂ ಹೇಳಿಲ್ಲ.

ಕಾಲೇಜು ಮಾತ್ರ ಎಲ್ಲವನ್ನೂ ಹೇಳಿ ಮುಗಿಸಿತ್ತು. ಸ್ಪ್ರಿಂಕ್ಲರಿಗೆ ನೀರು ಬಿಡುವ ವಾಲ್ವ್ ತೆರೆದಿದೆ, ಟ್ಯಾಂಕು ಬರಿದಾಗಿದೆ, ಅಂದರೆ ಇವನು ತುಂಬಿಸಿಲ್ಲ. ಕೆಲಸದಿಂದ ವಜಾ, ಸಂಜೆಯೊಳಗೆ ಕ್ವಾರ್ಟರ್ಸ್ ಖಾಲಿ. ಆದೇಶಕ್ಕೆ ಸಹಿ ಹಾಕಲು ಅವನಿಗೆ ಕೈಯಿರಲಿಲ್ಲ, ಹೆಂಡತಿಯಿಂದ ಹಾಕಿಸಿಕೊಂಡರಂತೆ. ಅವನು “ಆಯ್ತು ಸಾರ್” ಅಂದನಂತೆ. ಯಾರು ಏನು ಹೇಳಿದರೂ ಅವನು ಅನ್ನುವುದು ಅದೊಂದೇ.

ಬೆಂಕಿ ಅಪಘಾತಗಳ ತನಿಖೆ ನಮ್ಮ ಮೇಡಂ ಕೆಲಸ. ಟಿಪ್ಪಣಿ ಬರೆಯುವುದು ನನ್ನದು. ಕೆಳಗಿಳಿದು ಬಂದೆವು.

ಲ್ಯಾಬಿನ ಹೊರಗೆ, ಓಣಿಯಂಥ ಕಾರಿಡಾರಿನಲ್ಲಿ ಮೇಷ್ಟ್ರು ಕಾಯುತ್ತಿದ್ದರು. ಬೆಳಿಗ್ಗೆ ಮೆಕ್ಯಾನಿಕ್ಸ್, ಮಧ್ಯಾಹ್ನ ಅಗ್ನಿಸುರಕ್ಷೆ—ಎರಡೂ ಪಾಠ ಅವರದೇ. ಪದ್ಯ ಓದುವವರ ಹಾಗೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಮಾತಾಡುವವರು. ಕೇಳಲು ಹಿತವಾಗಿತ್ತು.

ಗೋಡೆ, ಬಾಗಿಲು, ಗಡಿಯಾರ, ಎಲ್ಲಕ್ಕೂ ಮಸಿ. ಗೋಡೆಯ ಕೊಳವೆಯಲ್ಲಿ ವಾಲ್ವಿನ ಕೆಂಪು ಚಕ್ರ. ಅದರ ನಡುವಿನಿಂದ ತಿರುಪಿನ ದಂಡವೊಂದು ಒಂದು ಗೇಣು ಹೊರಗೆ ಚಾಚಿತ್ತು.

“ಈ ದಂಡ ಹೊರಗಿದ್ರೆ?” ಮೇಡಂ ಕೇಳಿದರು.

“ವಾಲ್ವ್ ತೆರೆದಿದೆ ಅಂತ. ಒಳಗಿಳಿದಿದ್ರೆ ಮುಚ್ಚಿದೆ ಅಂತ. ದೂರದಿಂದಲೇ ಗೊತ್ತಾಗಲಿ ಅಂತಲೇ ಹೀಗೆ ಮಾಡಿರೋದು.”

“ಬೆಂಕಿ ಬಿದ್ದಾಗಲೂ ಹೊರಗೇ ಇತ್ತಾ?”

“ಹೀಗೇ ಇತ್ತು. ಯಾರೂ ಮುಟ್ಟಿಲ್ಲ.”

“ಫೈರ್ ಎಂಜಿನ್‌ನವರು ಹೋದ ಮೇಲೆ ಓಣಿಗೆ ಬೀಗ ಹಾಕಿದ್ದು?”

“ನಾನೇ. ಕೀ ನನ್ನ ಹತ್ರಾನೇ ಇದೆ.”

ಮೇಡಂ ದಂಡದ ತುದಿ ಮುಟ್ಟಿ, ಬೆರಳನ್ನು ನನ್ನ ಪುಸ್ತಕದ ಅಂಚಿಗೆ ಒರೆಸಿದರು. ಕಪ್ಪು. ಎರಡು ಬೆರಳು ಕೆಳಗೆ ಮುಟ್ಟಿ, ಮತ್ತೆ ಒರೆಸಿದರು. ಬರೀ ಗ್ರೀಸು.

“ನನ್ನ ಪುಸ್ತಕ ನಿಮಗೆ ಕೈವಸ್ತ್ರಾನಾ ಮೇಡಂ?”

“ಸುಮ್ಮನೆ ಬರ್ಕೊಳ್ರೀ. ಯಾವ ಗುರುತು ಎಲ್ಲಿಂದ ಬಂತು ಅಂತ.”

ಆಮೇಲೆ ಮೇಷ್ಟ್ರ ಕಡೆ ತಿರುಗಿದರು. “ಅವತ್ತು ಬೆಳಿಗ್ಗೆ ಏನು ಪಾಠ?”

“ತಿರುಪು. ಒಂದು ಸುತ್ತಿಗೆ ಎಷ್ಟು ಮೇಲೇರುತ್ತೆ, ಎಷ್ಟು ಕೆಳಗಿಳಿಯುತ್ತೆ...”

“ಎಲ್ಲಿ ಮಾಡಿದ್ರಿ?”

“ಬೋರ್ಡಿನ—ಮೇಲೆ.”

ಮೊದಲ ಸಲ ಅವರ ಉಸಿರು ತಪ್ಪಾದ ಜಾಗದಲ್ಲಿ ನಿಂತಿತು.

ಲ್ಯಾಬಿನಿಂದ ಹೊರತೆಗೆದ ಸಾಮಾನುಗಳ ಪೆಟ್ಟಿಗೆಯಲ್ಲಿ ಆ ಹುಡುಗಿಯ ನೋಟ್‌ಬುಕ್ ಇತ್ತು. ಅಂಚು ಸುಟ್ಟಿತ್ತು, ಅಕ್ಷರ ಸುಟ್ಟಿರಲಿಲ್ಲ. ಮೇಡಂ ಓದಿದರು. ಎರಡನೇ ಸಲ ಓದಿದರು. “ಪ್ರಾಂಶುಪಾಲರ ಕೋಣೆಗೆ ಎಲ್ಲರನ್ನೂ ಕರೀರಿ” ಅಂದರು.

ಪ್ರಾಂಶುಪಾಲರು ಗಡಿಯಾರ ನೋಡುತ್ತಲೇ ಕೂತರು. “ಇದರಲ್ಲಿ ಇನ್ನೇನಿದೆ ಮೇಡಂ? ಟ್ಯಾಂಕು ಖಾಲಿ. ಕಣ್ಣಿಗೆ ಕಾಣ್ತಿದೆ.”

“ಈಗ ಖಾಲಿ. ಬೆಂಕಿ ಬಿದ್ದಾಗ ತುಂಬಿತ್ತು.”

“ಮತ್ತೆ ನೀರ್ಯಾಕೆ ಬರಲಿಲ್ಲ?”

“ವಾಲ್ವ್ ಮುಚ್ಚಿತ್ತು. ಹೊಗೆ ಆ ಓಣೀಲಿ ಗಡಿಯಾರದ ಮುಳ್ಳನ್ನೂ ಬಿಟ್ಟಿಲ್ಲ. ಗ್ರೀಸು ಹಚ್ಚಿದ ದಂಡಕ್ಕೆ ಮಸಿ ಇನ್ನೂ ಚೆನ್ನಾಗಿ ಅಂಟಬೇಕು. ಆದ್ರೆ ತುದಿ ಮಾತ್ರ ಕಪ್ಪು, ಉಳಿದದ್ದು ಚೊಕ್ಕ. ಯಾಕೆ? ಹೊಗೆ ಬಂದಾಗ ಉಳಿದ ಭಾಗ ವಾಲ್ವಿನ ಒಳಗಿತ್ತು. ಹೊರಗೆ ಬಂದದ್ದು ಆಮೇಲೆ. ಬೆಂಕಿ ಆರಿದ ಮೇಲೆ ಯಾರೋ ತೆರೆದ್ರು. ಸ್ಪ್ರಿಂಕ್ಲರುಗಳು ಅಷ್ಟೊತ್ತಿಗೆ ಬಾಯಿ ಬಿಟ್ಟಾಗಿತ್ತಲ್ಲ—ಟ್ಯಾಂಕಿನ ನೀರೆಲ್ಲ ಲ್ಯಾಬಿಗೆ ಸುರೀತು. ನೆಲದ ಮೇಲೆ ಫೈರ್‌ನವರ ನೀರು ಮೊದಲೇ ನಿಂತಿತ್ತು. ನೀರಿನ ಮೇಲೆ ನೀರು ಬಿದ್ದದ್ದು ಯಾರಿಗೆ ಕಾಣುತ್ತೆ?”

“ಯಾರು ತೆರೆದಿದ್ದು?”

ಮೇಡಂ ನೋಟ್‌ಬುಕ್ ಮುಂದೆ ತಳ್ಳಿದರು. ಬೆಂಕಿ ಬಿದ್ದ ದಿನದ ತಾರೀಖು. ‘ಓಣಿಯ ವಾಲ್ವ್. ಸರ್ ತಿರುಗಿಸಿ ತೋರಿಸಿದರು. ಪೂರ್ತಿ ಮುಚ್ಚಲು ಮೂವತ್ತಾರು ಸುತ್ತು. ತೆರೆಯಲು—’

“ಇಲ್ಲಿಗೆ ಗಂಟೆ ಹೊಡೆದಿದೆ” ಅಂದರು ಮೇಡಂ. “ಮಕ್ಕಳು ಎದ್ದರು, ಮೇಷ್ಟ್ರೂ ಹೊರಟರು. ಬೆಳಿಗ್ಗೆ ಅದನ್ನ ತಿರುಪು ಅಂತ ಮುಚ್ಚಿದ್ರಿ. ಮಧ್ಯಾಹ್ನ ಅದೇ ಮಕ್ಕಳಿಗೆ, ಯಾವತ್ತೂ ಮುಚ್ಚಬಾರದು ಅಂತ ಪಾಠ ಮಾಡೋರಿದ್ರಿ. ಮರೆತದ್ದು ತಪ್ಪು, ಯಾರಿಗಾದ್ರೂ ಆಗುತ್ತೆ. ಬೀಗ ಹಾಕೋ ಮೊದಲು ಮೂವತ್ತಾರು ಸುತ್ತು ತಿರುಗಿಸಿದ್ರಲ್ಲ, ಅದು ಮರೆವಲ್ಲ. ಮೂರು ದಿನ ಈ ಮನುಷ್ಯನ ಕೈ ನೋಡ್ಕೊಂಡು ಸುಮ್ಮನಿದ್ರಲ್ಲ, ಅದೂ ಅಲ್ಲ.”

ಮೇಷ್ಟ್ರು ನಮ್ಮ ಯಾರ ಕಡೆಯೂ ನೋಡಲಿಲ್ಲ. ಕುರ್ಚಿಯನ್ನು ಟ್ಯಾಂಕಣ್ಣನ ಹತ್ತಿರ ಎಳೆದುಕೊಂಡರು. ದನಿಗೆ ಲಯ ಮರಳಿತ್ತು.

“ನೀನೂ ಅವತ್ತು ಅಲ್ಲೇ ಓಡಾಡ್ತಿದ್ದೆ ಅಲ್ವೇನಪ್ಪಾ? ‘ತೆರೆದಿಡು ಅಂತ ಸಾರ್ ಹೇಳಿದ್ರು, ನಾನೇ ಮರೆತೆ’ ಅಂತ ಒಂದು ಮಾತು ಹೇಳಿಬಿಡು. ನಿಂಗೆ ಹೆಚ್ಚಂದ್ರೆ ಒಂದು ಎಚ್ಚರಿಕೆ ಪತ್ರ. ನಿನ್ನ ಕೆಲಸ, ಮನೆ, ಎರಡೂ ನಾನು ಉಳಿಸ್ತೀನಿ. ಮೂವತ್ತು ವರ್ಷ ಪಾಠ ಹೇಳಿದೀನಪ್ಪಾ. ನಾಳೆ ಯಾವ ಮುಖ ಇಟ್ಕೊಂಡು ಆ ಮಕ್ಕಳ ಮುಂದೆ ನಿಲ್ಲಲಿ?”

ಪ್ರಾಂಶುಪಾಲರು ಗಡಿಯಾರದಿಂದ ಕಣ್ಣು ತೆಗೆದು, ಆಸೆಯಿಂದ ಟ್ಯಾಂಕಣ್ಣನನ್ನು ನೋಡಿದರು. ಅವನು ಏನನ್ನುತ್ತಾನೆ ಅಂತ ಕೋಣೆಗೆಲ್ಲ ಗೊತ್ತಿತ್ತು. ನಾನೂ ‘ಆಯ್ತು’ ಅಂತ ಬರೆಯಲು ಹಾಳೆಗೆ ಪೆನ್ನು ಊರಿಯಾಗಿತ್ತು.

ಅವನು ಬ್ಯಾಂಡೇಜಿನ ಕೈಗಳನ್ನು ಒಂದೊಂದಾಗಿ ಎತ್ತಿ, ಮೇಷ್ಟ್ರ ಮುಂದೆ ಮೇಜಿನ ಮೇಲಿಟ್ಟ.

“ಹೇಳಲ್ಲ.”