ಅಳಿವೆಯಲ್ಲಿ ಬಿಟ್ಟ ಬಲೆ

ಬಲೆ ಎಂದಿನಂತೆ ಸಲೀಸಾಗಿ ಮೇಲೆ ಬರಲಿಲ್ಲ. ದೋಣಿಯಲ್ಲಿ ನಿಂತ ಅಪ್ಪ ಹಲ್ಲು ಕಚ್ಚಿ ಎಳೆಯುತ್ತಿದ್ದರು. ದೊಡ್ಡ ಮೀನೇ ಬಿದ್ದಿದೆ ಎಂದು ದಡದಲ್ಲಿ ಮಗಳು ಕುಣಿದಳು. ಬೂದುಬಣ್ಣದ ನುಣುಪಾದ ಬೆನ್ನು ಕಂಡದ್ದೇ ಅವಳ ಕುಣಿತ ನಿಂತಿತು.

ಅದು ಡಾಲ್ಫಿನ್ ಮರಿ. ಉಸಿರಿರಲಿಲ್ಲ.

ಆ ಹುಡುಗಿಯನ್ನು ಮನೆಯವರೆಲ್ಲ ‘ಯಾಕಮ್ಮ’ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕೂತರೆ, ತಟ್ಟೆ ಯಾಕೆ ದುಂಡಗಿದೆ ಎಂದು ಕೇಳುವವಳು ಅವಳು. ಅಪ್ಪ ದೋಣಿಯನ್ನು ದಡಕ್ಕೆ ತಂದಾಗ ಅವಳು ಮರಿಯ ಮೈ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು: “ಅಪ್ಪಾ, ನೀರಲ್ಲೇ ಇರೋದು ನೀರಲ್ಲಿ ಮುಳುಗಿ ಸಾಯುತ್ತಾ?”

ಹೊಳೆ ಸಮುದ್ರವನ್ನು ಸೇರುವ ಅಳಿವೆಯಲ್ಲಿ ತಾಯಿ ಡಾಲ್ಫಿನ್ ಇನ್ನೂ ಸುತ್ತುಹಾಕುತ್ತಿತ್ತು. ಅತ್ತ ನೋಡಲಾರದೆ ಅಪ್ಪ ತಲೆ ತಗ್ಗಿಸಿ ಬಲೆ ಕೊಡವಿದರು.

ಉತ್ತರ ಸಿಕ್ಕಿದ್ದು ಡಾಕ್ಟರಮ್ಮನಿಂದ. ಕಡಲಿನ ಪ್ರಾಣಿಗಳ ಡಾಕ್ಟರು ಅವರು. ಸುದ್ದಿ ತಿಳಿದು ಜೀಪಿನಲ್ಲಿ ಬಂದರು. ಮರಿಯ ನೆತ್ತಿಯ ಮೇಲಿದ್ದ ತೂತನ್ನು ತೋರಿಸಿ, ಇದೇ ಅದರ ಮೂಗು, ನಮ್ಮ ಹಾಗೇ ಅದಕ್ಕೂ ಗಾಳಿ ಬೇಕು, ಬಲೆಗೆ ಸಿಕ್ಕಿ ಮೇಲೆ ಬರಲಾಗಲಿಲ್ಲ ಎಂದರು. ಈ ಜಾತಿಯವು ಬೆರಳೆಣಿಕೆಯಷ್ಟು ಉಳಿದಿವೆ, ಅಳಿವೆಯೇ ಅವುಗಳ ಊಟದ ಮನೆ, ಅಲ್ಲಿ ಬಲೆ ಬಿಡಬೇಡಿ ಎಂದು ಹಿಂದೆಯೇ ಬೇಡಿಕೊಂಡಿದ್ದೆನಲ್ಲ ಎಂದು ಅಪ್ಪನಿಗೆ ಮೆಲ್ಲಗೆ ನೆನಪಿಸಿದರು.

“ನಮ್ಮಜ್ಜನ ಕಾಲದಿಂದ ಅಲ್ಲೇ ಬಿಡ್ತಿದೀವಿ. ಒಂದೂ ಸಿಕ್ಕಿರ್ಲಿಲ್ಲ,” ಎಂದರು ಅಪ್ಪ. “ಅವು ಜಾಣ. ಬಲೆ ತಪ್ಪಿಸ್ಕೊಂಡು ಪಕ್ಕದಿಂದ ಹೋಗ್ತವೆ.”

“ಹಾಗಾದ್ರೆ ಈ ಸಲ ಯಾಕೆ ಹೋಗ್ಲಿಲ್ಲ?” ಎಂದಳು ಮಗಳು.

ಕದಡಿದ ನೀರಿನಲ್ಲಿ ಡಾಲ್ಫಿನ್‌ಗೆ ಕಣ್ಣಿಗಿಂತ ಕಿವಿಯೇ ಹೆಚ್ಚು ಆಸರೆ ಎಂದು ಡಾಕ್ಟರಮ್ಮ ಹೇಳಿದರು. ಅದು ಟಿಕ್ ಟಿಕ್ ಸದ್ದು ಮಾಡುತ್ತದೆ. ಸದ್ದು ಏನಕ್ಕಾದರೂ ತಾಗಿ ಹಿಂದೆ ಬಂದರೆ ಎದುರಿಗೆ ಏನೋ ಇದೆ ಎಂದು ತಿಳಿಯುತ್ತದೆ.

ಯಾಕಮ್ಮನಿಗೆ ಅಷ್ಟು ಸಾಕಾಯಿತು. ಮನೆಗೆ ಬಂದವಳೇ ಟವೆಲಿನಿಂದ ಕಣ್ಣು ಕಟ್ಟಿಕೊಂಡು, ನಾಲಿಗೆಯಿಂದ ಟಕ್ ಟಕ್ ಎನ್ನಿಸುತ್ತಾ ಬಲೆ ಇಡುವ ಕೊಟ್ಟಿಗೆಯಲ್ಲಿ ನಡೆದಳು. ಮೊದಮೊದಲು ಕಂಬಕ್ಕೆ ಹಣೆ ಬಡಿಯಿತು. ಇದೇನು ಹೊಸ ಹುಚ್ಚು, ಇರುವ ಹುಚ್ಚೇ ಸಾಲದೆ ಎಂದು ಅಜ್ಜಿ ಗೊಣಗಿದರು. ಸ್ವಲ್ಪ ಹೊತ್ತಿಗೆ ಗೋಡೆ ಹತ್ತಿರವಾದಾಗ ಸದ್ದು ಬೇರೆಯಾಗುವುದು ಅವಳಿಗೆ ತಿಳಿಯತೊಡಗಿತು. ಅವಳು ಹಿಗ್ಗಿ ತಿರುಗಿದಳು, ಟಕ್ ಟಕ್ ಎನ್ನುತ್ತಲೇ ಮುಂದೆ ಹೋದಳು.

ಮರಿ ಸಿಕ್ಕಿಬಿದ್ದಿದ್ದ ಹೊಸ ಬಲೆಯನ್ನು ಅಲ್ಲೇ ಒಣಹಾಕಿದ್ದರು, ಅದು ಮುಖಕ್ಕೆ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಕೊಸರಿದಷ್ಟೂ ಬಿಗಿಯಿತು. ಅಪ್ಪ ಓಡಿಬಂದು ಬಿಡಿಸಿದರು.

“ಗೋಡೆ ಉತ್ತರ ಕೊಡುತ್ತೆ ಅಪ್ಪಾ,” ಎಂದಳು ಅವಳು, ಏದುಸಿರು ಬಿಡುತ್ತಾ. “ಬಲೆ ಕೊಡಲ್ಲ.”

ಅಪ್ಪ ಹೊಸ ಬಲೆಯ ಎಳೆಯನ್ನು ಬೆರಳುಗಳ ನಡುವೆ ಹೊಸೆದು ನೋಡಿದರು. ಮೂಲೆಯಲ್ಲಿ ಅಜ್ಜನ ಕಾಲದ ಬಲೆ ಬಿದ್ದಿತ್ತು. ಅದನ್ನೂ ಮುಟ್ಟಿದರು.

“ಅದು ಹಗ್ಗದಂಗಿತ್ತು,” ಎಂದರು. “ಇದು ಕೂದಲು. ಮೀನಿಗೂ ಗೊತ್ತಾಗಲ್ಲ ಅಂತ ನಾನೇ ಆಸೆಪಟ್ಟು ತಂದೆ.”

ಸಂಜೆ ಅವರು ಬಲೆಯನ್ನು ಹೆಗಲಿಗೇರಿಸಿ ದೋಣಿಗೆ ನಡೆದಾಗ ಯಾಕಮ್ಮ ಅವರ ಹಿಂದೆಯೇ ಓಡಿದಳು. ತಾಯಿ ಡಾಲ್ಫಿನ್ ಇನ್ನೂ ಅಳಿವೆಯಲ್ಲೇ ಇತ್ತು. ಬಲೆ ಬಿಡದಿದ್ದರೆ ಒಲೆ ಉರಿಯುವುದಿಲ್ಲ, ಅದೂ ಅವಳಿಗೆ ಗೊತ್ತು. ಅವಳೂ ಅಜ್ಜಿಯೂ ದಡದಲ್ಲಿ ನಿಂತು ನೋಡಿದರು.

ದೋಣಿ ಅಳಿವೆಗೆ ಬಂತು. ಅಪ್ಪ ಹುಟ್ಟು ನಿಲ್ಲಿಸಿದರು. ತಾಯಿ ಡಾಲ್ಫಿನ್ ಒಮ್ಮೆ ಮೇಲೆದ್ದು ಫುಸ್ ಎಂದು ಉಸಿರು ಬಿಟ್ಟಿತು. ಅಪ್ಪ ಮತ್ತೆ ಹುಟ್ಟು ಹಾಕಿದರು. ಅಳಿವೆ ದಾಟಿ, ಮೀನು ಕಡಿಮೆ ಸಿಗುವ ಬಂಡೆಗಳ ಆಚೆಗೆ ದೋಣಿ ಹೋಯಿತು.

ನಾಳೆ ಬುಟ್ಟಿ ತುಂಬುವುದಿಲ್ಲ ಎಂದು ಯಾಕಮ್ಮನಿಗೆ ತಿಳಿಯಿತು. ಅಪ್ಪನಿಗೂ ಅದು ತಿಳಿದೇ ಇತ್ತು.

ಅಜ್ಜಿ ಸೆರಗು ಹೊದ್ದು ಕಣ್ಣು ಮುಚ್ಚಿದರು. ಅವರ ಪಕ್ಕದಲ್ಲಿ ಅವಳೂ ಕೈ ಜೋಡಿಸಿದಳು.

“ದೇವರೇ, ಕೂಸು ನಿನ್ನ ಹತ್ರ ಬಂದಿದೆ,” ಎಂದರು ಅಜ್ಜಿ. “ಉಸಿರಿಗಾಗಿ ಬಹಳ ಒದ್ದಾಡಿದೆ. ಇನ್ನಾದರೂ ಅದು ನೆಮ್ಮದಿಯಾಗಿರಲಿ. ಅದಕ್ಕೆ ಶಾಂತಿ ಕೊಡಪ್ಪಾ.”