ಸದ್ದು ಬಿಡದ ಬಾಗಿಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಪ್ಪ ಸಾಯುವವರೆಗೂ ದುಡಿದ ಪ್ರಿಂಟಿಂಗ್ ಪ್ರೆಸ್ ಕೆಡವಿ, ಅಲ್ಲಿ ಪಬ್ ಕಟ್ಟಿದರು. ಡಿಜೆ ಅಬ್ಬರಕ್ಕೆ ಬೀದಿಯವರ ನಿದ್ದೆ ಕೆಟ್ಟಾಗ, ಬಡಗಿಯಾದ ನನ್ನನ್ನೇ ಕರೆಸಿದರು. ನಾನು ಕೂರಿಸಿದ ಬಾಗಿಲು ಮುಚ್ಚಿದರೆ, ಒಳಗೆ ಎಷ್ಟೇ ಕುಣಿದರೂ ಹೊರಗೆ ಪಿಟ್ಟೆನ್ನುವುದಿಲ್ಲ.

ಒಂದು ಮಟಮಟ ಮಧ್ಯಾಹ್ನ ಮಾಲೀಕರು ಫೋನ್ ಮಾಡಿದರು. "ಮೇಸ್ತ್ರಿ, ಒಳಗೆ ಯಾರೂ ಇಲ್ಲ, ಕರೆಂಟೂ ಇಲ್ಲ. ಆದ್ರೂ ಏನೋ ಸದ್ದು ಬರ್ತಿದೆ, ಬನ್ನಿ."

ಬಾಗಿಲಿಗೆ ಕಿವಿಯಿಟ್ಟೆ. ಅಪ್ಪನ ಅಚ್ಚಿನ ಯಂತ್ರದ್ದೇ ಸದ್ದು. ತೆರೆದರೆ ನಿಂತಿತು, ಮುಚ್ಚಿದರೆ ಮತ್ತೆ ಶುರು. ಬಾಗಿಲಿನ ಒಳಬದಿಯ ಹಿಡಿ ಬೆಚ್ಚಗಿತ್ತು. ಕೈಗೆ ಹಸಿ ಶಾಯಿ ಮೆತ್ತಿಕೊಂಡಿತು.

ಮನೆಗೆ ಬಂದು ಅಮ್ಮನಿಗೆ ಕೈ ತೋರಿಸಿದೆ. ಅವಳು ಹೆದರಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಭಾನುವಾರ ಬಿಟ್ರೆ ನಿಮ್ಮಪ್ಪ ಒಂದು ದಿನಾನೂ ರಜ ಹಾಕಿದವರಲ್ಲ ಕಣೋ."

ಆ ಭಾನುವಾರವೇ ಹೋಗಿ ಕಿವಿಯಿಟ್ಟೆ. ಸದ್ದಿರಲಿಲ್ಲ.