ಬೆವರುವ ಗೋಡೆ

"ಇನ್ನೂ ಸ್ವಲ್ಪ ಎಡಕ್ಕೆ ಬಾ. ಸಾಕು, ಸಾಕು! ಅಲ್ಲೇ ನಿಂತ್ಕೊ. ನಿಮ್ಮ ಮಿಸ್ ಹೋಗೋ ತನಕ ಅಲ್ಲಾಡಬೇಡ," ಎಂದ ಅಪ್ಪ. ಬೇಲಿಗೆ ಗೂಟ ನೆಡುವವನ ಹಾಗೆ ಒಂದು ಕಣ್ಣು ಮುಚ್ಚಿ ಅಳತೆ ನೋಡುತ್ತಿದ್ದ.

ಗೂಟ ಬೇರೆ ಯಾರೂ ಅಲ್ಲ, ಅವನ ಮಗಳು. ಐದನೇ ಕ್ಲಾಸಿನಲ್ಲೇ ಎಲ್ಲರಿಗಿಂತ ಎತ್ತರ ಬೆಳೆದಿದ್ದಳು. ಅದಕ್ಕೇ ಶಾಲೆಯಲ್ಲಿ ಅವಳ ಹೆಸರು ಕಂಬ. ಇಷ್ಟು ದಿನ ಆ ಹೆಸರಿಗೆ ಕೆಲಸವಿರಲಿಲ್ಲ. ಇವತ್ತು ಸಿಕ್ಕಿತ್ತು.

ಕಂಬದ ಹಿಂದೆ ಗೋಡೆ. ಗೋಡೆಯ ಮೇಲೆ ದಿಂಬಿನಷ್ಟು ಅಗಲದ ಒದ್ದೆ ಕಲೆ.

ಮನೆ ಊರಂಚಿನ ಬಡಾವಣೆಯಲ್ಲಿತ್ತು, ತಾತ ಕಟ್ಟಿಸಿದ್ದು. ಮಹಡಿಗೆ ನೀರು ಹೋಗುವ ಕಬ್ಬಿಣದ ಪೈಪು ಈ ಗೋಡೆಯ ಹೊಟ್ಟೆಯೊಳಗೇ ಹತ್ತಿ, ಸೂರಿನ ಹತ್ತಿರ ಮಾತ್ರ ಒಂದಿಷ್ಟು ಹೊರಗೆ ಇಣುಕುತ್ತಿತ್ತು. ಅದಕ್ಕೆ ಅಪ್ಪನಿಗಿಂತ ಹೆಚ್ಚು ವಯಸ್ಸು.

ಮೊನ್ನೆ ಪ್ಲಂಬರ್ ಬಂದು ಗೋಡೆಗೆ ಕಿವಿಯಿಟ್ಟು ಕೇಳಿದ್ದ. "ಒಳಗೆ ತುಕ್ಕು ಹಿಡಿದು ಜರಡಿ ಆಗಿದೆ ಸಾರ್. ಗೋಡೆ ಒಡೆದು ಹೊಸ ಪೈಪ್ ಹಾಕ್ಬೇಕು. ಇಲ್ಲಾಂದ್ರೆ ನೀರು ಮಹಡಿಗೆ ಹೋಗಲ್ಲ, ನಿಮ್ಮ ಹಾಲ್‌ಗೇ ಬರುತ್ತೆ."

"ಒಡೆಯೋದು ಯಾರಿಗೆ ಬರಲ್ಲ?" ಎಂದಿದ್ದ ಅಪ್ಪ. "ಇದು ಲೀಕ್ ಅಲ್ಲ ಕಣಯ್ಯ. ಸೆಕೆಗೆ ಗೋಡೆ ಬೆವರ್ತಿದೆ, ಅಷ್ಟೇ."

ಪ್ಲಂಬರ್ ಒಮ್ಮೆ ಗೋಡೆಯನ್ನೂ ಒಮ್ಮೆ ಅಪ್ಪನನ್ನೂ ನೋಡಿ, ಸ್ಪ್ಯಾನರ್ ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟ.

ಇವತ್ತು ಸಂಜೆ ಮಗಳ ಕ್ಲಾಸಿನ ಮಿಸ್ ಮಹಡಿ ಮನೆಯನ್ನು ಬಾಡಿಗೆಗೆ ನೋಡಲು ಬರುತ್ತಾರೆ ಎಂದು ಗೊತ್ತಾದದ್ದೇ ತಡ, ಅಪ್ಪ ರಿಪೇರಿಗೆ ಇಳಿದ. ಸ್ಟೂಲು ಹತ್ತಿದ. ಸೂರಿನ ಹತ್ತಿರದ ಪೈಪಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಹಗ್ಗ ಬಿಗಿದ. ಕೆಳಗೆ ಕಲೆಯ ಮೇಲೆ ತಿಳಿಹಸಿರು ಪೇಂಟ್ ಬಳಿದು, ಅದರ ಮುಖಕ್ಕೆ ಫ್ಯಾನ್ ತಿರುಗಿಸಿಟ್ಟ. ಫ್ಯಾನೇನೋ ಮಧ್ಯಾಹ್ನವೆಲ್ಲ ತಿರುಗಿತು. ಒದ್ದೆ ಗೋಡೆಯ ಮೇಲಿನ ಬಣ್ಣ ಒಣಗುವುದುಂಟೇ?

"ಹುಣ್ಣಿಗೆ ಪೌಡರ್ ಹಚ್ಚಿದ ಹಾಗಾಯ್ತು," ಎಂದಳು ಅಜ್ಜಿ.

"ಅಮ್ಮ, ನೀನು ಸುಮ್ನಿರು. ಮಿಸ್ ಎದುರಿಗಂತೂ ಬಾಯಿ ಬಿಡಬೇಡ."

"ನಾನ್ಯಾಕಪ್ಪ ಬಿಡ್ಲಿ? ಗೋಡೇನೇ ಬಿಡುತ್ತೆ."

ಕಂಬ ಮಾತ್ರ ತಕರಾರು ಮಾಡಲಿಲ್ಲ. ಮಿಸ್ ತಮ್ಮ ಮಹಡಿಗೇ ಬರುತ್ತಾರೆ, ದಿನಾ ತನ್ನ ಜೊತೆಗೇ ಶಾಲೆಗೆ ನಡೆದು ಬರುತ್ತಾರೆ ಎಂದು ಅವಳು ಆಗಲೇ ಕ್ಲಾಸಿಗೆಲ್ಲ ಸಾರಿಬಿಟ್ಟಿದ್ದಳು. "ಬುರುಡೆ! ಬರೀ ಬುರುಡೆ!" ಎಂದು ಕೊನೇ ಬೆಂಚಿನ ಹುಡುಗ ಕೂಗಿದ್ದ. ಮಿಸ್ ಈ ಕಲೆ ನೋಡಿಬಿಟ್ಟರೆ ನಾಳೆ ಅವನು ಗೆದ್ದ ಹಾಗೆ.

ಮಿಸ್ ಬಂದರು. ಮಹಡಿ ನೋಡಿ ಇಳಿದು ಬಂದು ಕುರ್ಚಿಯಲ್ಲಿ ಕುಳಿತರು. ಗಾಳಿ ಬೆಳಕು ಚೆನ್ನಾಗಿದೆ ಎಂದರು.

ಅಪ್ಪ ಉಬ್ಬಿಹೋದ. "ಹಳೇ ಕಾಲದ ಕಟ್ಟಡ ಮೇಡಂ, ಕಲ್ಲಿನ ಹಾಗಿದೆ. ಇನ್ನು ನೀರು ಅಂತೀರಾ? ನಮ್ಮನೇಲಿ ನೀರಿಗೆ ಬರಾನೇ ಇಲ್ಲ."

"ಅದೊಂದು ನಿಜ," ಎಂದಳು ಅಜ್ಜಿ ಮೂಲೆಯಿಂದ.

ಅಪ್ಪ ಕೆಮ್ಮಿದ. ಕಂಬಕ್ಕೆ ಕಾಲು ನೋಯುತ್ತಿತ್ತು. ಮೊದಲು ಒಂದು ಭುಜ, ಆಮೇಲೆ ಇನ್ನೊಂದು, ಕೊನೆಗೆ ಇಡೀ ಬೆನ್ನು ಗೋಡೆಗೆ ಒರಗಿತು. ಬೆನ್ನು ತಣ್ಣಗಾಯಿತು.

"ನೀನ್ಯಾಕೆ ಅಲ್ಲೇ ನಿಂತಿದ್ದೀಯ? ನಾನೇನೂ ಪನಿಶ್‌ಮೆಂಟ್ ಕೊಟ್ಟಿಲ್ವಲ್ಲ?" ಮಿಸ್ ನಕ್ಕರು.

"ಅವಳಿಗೆ ನಿಲ್ಲೋದಂದ್ರೆ ಇಷ್ಟ ಮೇಡಂ," ಎಂದ ಅಪ್ಪ.

"ಹೌದಾ? ಕ್ಲಾಸಲ್ಲಿ ಒಂದು ಕಡೆ ನಿಂತಿದ್ದೇ ನೋಡಿಲ್ಲ. ಬಾ ಇಲ್ಲಿ, ಕೂತ್ಕೊ."

ಅಪ್ಪನ ಕಣ್ಣು ಬೇಡ ಎನ್ನುತ್ತಿತ್ತು. ಆದರೆ ಬಾ ಎಂದದ್ದು ಮಿಸ್. ಕಂಬ ಒಂದು ಹೆಜ್ಜೆ ಮುಂದಿಟ್ಟಳು. ಚಪ್ ಎಂದು ಸದ್ದಾಯಿತು.

ಬಿಳೀ ಫ್ರಾಕಿನ ಬೆನ್ನೆಲ್ಲ ತಿಳಿಹಸಿರು. ಗೋಡೆಯ ಮೇಲೆ ಎರಡು ಭುಜ, ನಡುವೆ ಉದ್ದ ಜಡೆ. ಕಪ್ಪಗೆ, ಒದ್ದೆಯಾಗಿ, ಇನ್ನೊಬ್ಬಳು ಕಂಬ ಅಲ್ಲೇ ನಿಂತಿದ್ದಳು. ಅವಳ ಜಡೆಯ ತುದಿಯಿಂದ ಒಂದು ಹನಿ ಮೆಲ್ಲಗೆ ಇಳಿಯಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ," ಎಂದಳು ಅಜ್ಜಿ. "ನಮ್ಮನೇಲಿ ಕದ್ದೋನು ಒಬ್ಬ, ಹೆಗಲಿಗೆ ಬಣ್ಣ ಹತ್ತಿದ್ದು ಇನ್ನೊಬ್ಬಳಿಗೆ."

"ಅದು ಬೆವರು ಮೇಡಂ. ಈ ಸೆಕೆಗೆ ಗೋಡೆ..." ನಿಜವಾಗಿ ಬೆವರುತ್ತಿದ್ದವನು ಅಪ್ಪ.

ಮಿಸ್ ಕನ್ನಡಕದ ಮೇಲಿಂದ ಸುಮ್ಮನೆ ನೋಡಿದರು. ಆ ನೋಟ ಇಡೀ ಕ್ಲಾಸಿಗೆ ಗೊತ್ತು.

"ಅಂದ್ರೆ, ಪ್ಲಂಬರ್‌ಗೆ ಹೇಳಿದ್ದೆ. ಬರ್ತೀನಿ ಅಂದಿದ್ದ. ಪಾಪ, ಅವನಿಗೆ ಹುಷಾರಿಲ್ವಂತೆ..."

ಕಂಬ ಅಪ್ಪನ ಮುಖವನ್ನೇ ನೋಡಿದಳು. ಈ ಮುಖವನ್ನು ಎಲ್ಲೋ ನೋಡಿದ್ದೇನಲ್ಲ? ಬರ್ದಿದ್ದೆ ಮಿಸ್, ನೋಟ್‌ಬುಕ್ ಮನೇಲೇ ಮರೆತುಬಂದೆ ಮಿಸ್ ಎನ್ನುವಾಗ ಕೊನೇ ಬೆಂಚಿನ ಹುಡುಗನದೂ ಇದೇ ಮುಖ. ಆಗ ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ.

ಮಿಸ್ ಅವಳ ಕಡೆ ತಿರುಗಿದರು. "ನೀನು ಹೇಳು. ಪ್ಲಂಬರ್ ಬಂದಿದ್ರಾ?"

ಇಲ್ಲ ಎಂದರೆ ಮಿಸ್ ಬಾಡಿಗೆಗೆ ಬಂದರೂ ಬರಬಹುದು. ಬಂದು, ಹಲ್ಲಿಗೆ ಪೇಸ್ಟ್ ಹಚ್ಚಿಕೊಂಡು, ಮಹಡಿಯ ಒಣ ನಲ್ಲಿಯ ಮುಂದೆ ನಿಲ್ಲಬಹುದು.

"ಬಂದಿದ್ರು ಮಿಸ್," ಎಂದಳು. "ಗೋಡೆ ಒಡೀಬೇಕು ಅಂದ್ರು."

ಗೋಡೆಗೂ ಅಲ್ಲಿಯವರೆಗೆ ತಡೆದದ್ದೇ ಸಾಕಾಗಿತ್ತೇನೋ. ಮೇಲೆ ಟ್ಯೂಬಿನ ಗಂಟು ಬಿಚ್ಚಿಕೊಂಡಿತು. ನೀರು ಪಿಚಕ್ಕೆಂದು ಚಿಮ್ಮಿ ಅಪ್ಪನ ತಲೆಯ ಮೇಲೇ ಬಿತ್ತು. ಅಪ್ಪ ಹಿತ್ತಲಿಗೆ ಓಡಿ, ತುಕ್ಕು ಹಿಡಿದ ವಾಲ್ವನ್ನು ಹೇಗೋ ತಿರುಗಿಸಿ, ತೊಯ್ದು ತೊಪ್ಪೆಯಾಗಿ ಬಂದ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಟ್ಟೆಯಿಂದ ಒರೆಸತೊಡಗಿದ.

ಮಿಸ್ ಎದ್ದರು. "ಮೊದಲು ಗೋಡೆ ಒಡೆಸಿ ಸರಿ ಮಾಡಿಸಿ. ಆಮೇಲೆ ಬಂದು ನೋಡ್ತೀನಿ."

"ಆಯ್ತು ಮಿಸ್," ಎಂದ ಅಪ್ಪ.

ಅಲ್ಲಿಯವರೆಗೆ ಅವರೆದುರು ಮೇಡಂ ಎನ್ನುತ್ತಿದ್ದವನು ಈಗ ಶಾಲೆ ಹುಡುಗನ ಹಾಗೆ ಮಿಸ್ ಎಂದಿದ್ದ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಂಬಕ್ಕೂ ನಗು ಗಂಟಲ ತನಕ ಬಂತು. ಅಷ್ಟರಲ್ಲಿ ಅಪ್ಪನ ಕಿವಿ ಕಂಡಿತು. ಕೆಂಪಗಾಗಿತ್ತು. ಎಲ್ಲರೆದುರು ನಿಂತಾಗ ಕಿವಿ ಎಷ್ಟು ಬಿಸಿಯಾಗುತ್ತದೆ ಎಂದು ಅವಳಿಗೆ ಗೊತ್ತು.

ಅವಳು ಹೋಗಿ ಅಪ್ಪನಿಗೂ ಬಾಗಿಲಿಗೂ ನಡುವೆ ನಿಂತಳು. ಮಿಸ್ ಗೇಟು ದಾಟಿ ಹೋಗುವ ತನಕ ಅಲ್ಲಾಡಲಿಲ್ಲ. ಈ ಸಲ ಯಾರೂ ಹೇಳಿರಲಿಲ್ಲ.